ಕರಾವಳಿಯ ಪ್ಯಾಕೇಜ್ ಪ್ರವಾಸ: ದಾರಿ ಸರಿ, ಹೊತ್ತು ತಪ್ಪು

ಉಡುಪಿಯಲ್ಲಿ ಉಳಿದುಕೊಂಡು ಕೃಷ್ಣಮಠ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಕಾಪು, ಬಾರಕೂರು, ಮೂಡುಬಿದಿರೆ, ಕಾರ್ಕಳ ಮತ್ತು ವರಂಗಗಳನ್ನು ಎರಡು ದಿನಗಳಲ್ಲಿ ತೋರಿಸುವ ಕಾರು ಪ್ಯಾಕೇಜುಗಳು ಈ ಭಾಗದಲ್ಲಿ ಸುಲಭವಾಗಿ ಸಿಗುತ್ತವೆ. ದೇವಸ್ಥಾನ, ಬಸದಿ, ಸಮುದ್ರ ಮೂರೂ ಒಂದೇ ಸುತ್ತಿನಲ್ಲಿ ಒದಗುವುದರಿಂದ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಕಡೆಯಿಂದ ಕುಟುಂಬದೊಂದಿಗೆ ಬರುವವರು ಇಂಥದನ್ನು ಹೆಚ್ಚು ಯೋಚಿಸದೆ ಒಪ್ಪಿಕೊಳ್ಳುತ್ತಾರೆ. ಎಪ್ಪತ್ತು ದಾಟಿದ ಅಮ್ಮನನ್ನು ಕರೆದುಕೊಂಡು ಹೋಗಬೇಕಿದ್ದ ನಾವೂ ಹಾಗೆಯೇ ಒಪ್ಪಿಕೊಂಡೆವು. ಕಾರು ಅಚ್ಚುಕಟ್ಟಾಗಿತ್ತು, ಚಾಲಕರು ಅನುಭವಿಗಳು, ಸ್ಥಳಗಳ ಆಯ್ಕೆಯಲ್ಲಿಯೂ ಹೆಚ್ಚಿನ ದೋಷವಿಲ್ಲ. ಆದರೆ ಕಾರ್ಯಕ್ರಮವನ್ನು ಸಿದ್ಧಪಡಿಸಿದವರು ಊರಿಂದೂರಿಗೆ ಎಷ್ಟು ಕಿಲೋಮೀಟರ್ ಎಂಬುದನ್ನಷ್ಟೇ ನೋಡಿದ್ದಾರೆ. ಬಿಸಿಲು ಯಾವಾಗ ಏರುತ್ತದೆ, ಬಸದಿಯ ಬಾಗಿಲು ಯಾವಾಗ ಮುಚ್ಚುತ್ತದೆ, ದೋಣಿ ಯಾವಾಗ ಹೊರಡುತ್ತದೆ ಎಂಬ ಲೆಕ್ಕ ಅದರಲ್ಲಿ ಇಲ್ಲ. ಸೇವೆ ಒದಗಿಸಿದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಂತರ ವಿಚಾರಿಸಿ ನೋಡಿದ ಬೇರೆ ಕೆಲವರ ಕಾರ್ಯಕ್ರಮಪಟ್ಟಿಯಲ್ಲಿಯೂ ಇದೇ ಕ್ರಮವಿದ್ದುದರಿಂದ ಒಬ್ಬರನ್ನೇ ದೂರುವುದು ನ್ಯಾಯವಲ್ಲ.

ಮೊದಲ ದಿನದ ಆರಂಭ ಮಾತ್ರ ಸರಿಯಾಗಿತ್ತು. ಬೆಳಿಗ್ಗೆ ಆರೂವರೆಗೆಲ್ಲ ರಥಬೀದಿಯಲ್ಲಿ ಇಳಿಸಿದರು. ಆ ಹೊತ್ತಿಗೆ ಬೀದಿಯಲ್ಲಿ ಹೂವಿನವರು ಮತ್ತು ಮಠಗಳ ಜನರನ್ನು ಬಿಟ್ಟರೆ ಹೆಚ್ಚಿನವರಿರುವುದಿಲ್ಲ, ಸಾಲು ಚಿಕ್ಕದು, ಕಲ್ಲುಹಾಸು ತಂಪು. ಪಶ್ಚಿಮಾಭಿಮುಖನಾದ ಕಡೆಗೋಲು ಕೃಷ್ಣನನ್ನು ಒಂಬತ್ತು ರಂಧ್ರಗಳ ಬೆಳ್ಳಿಯ ಕಿಂಡಿಯ ಮೂಲಕವೇ ನೋಡಬೇಕಾಗಿರುವುದರಿಂದ ಜನಜಂಗುಳಿಯ ಹೊತ್ತಿನಲ್ಲಿ ಹೋದವರಿಗೆ ಹಿಂದಿನವರ ಮೊಣಕೈಯ ಅನುಭವವೇ ಹೆಚ್ಚು. ಕನಕದಾಸರ ಕಥೆಯನ್ನು ಬಾಲ್ಯದಿಂದ ಕೇಳಿಕೊಂಡು ಬಂದವರು ಹೊರಗೋಡೆಯ ಕನಕನ ಕಿಂಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಲು ಬಯಸುತ್ತಾರೆ. ಬೆಳಗಿನಲ್ಲಿ ಅದಕ್ಕೆ ಯಾರೂ ಅಡ್ಡಿಪಡಿಸುವುದಿಲ್ಲ. ಗಂಡಸರು ಒಳಗೆ ಅಂಗಿ ತೆಗೆಯಬೇಕೆಂಬುದನ್ನು ಸಂಸ್ಥೆಯವರು ಹಿಂದಿನ ದಿನವೇ ತಿಳಿಸಿದ್ದರು. ಸಣ್ಣ ಸಂಗತಿಯಾದರೂ ಮೆಚ್ಚತಕ್ಕದ್ದು.

ಮೆಚ್ಚಲಾಗದಿದ್ದುದು, ಕಾರ್ಯಕ್ರಮದಲ್ಲಿ ಕೃಷ್ಣಮಠವೊಂದೇ ಇದ್ದುದು. ಉಡುಪಿಗೆ ಬಂದವರು ಮೊದಲು ಚಂದ್ರಮೌಳೀಶ್ವರನನ್ನು, ಅನಂತರ ಅನಂತೇಶ್ವರನನ್ನು ನೋಡಿ ಕೊನೆಗೆ ಕೃಷ್ಣನ ಬಳಿಗೆ ಹೋಗುವುದು ಇಲ್ಲಿನ ವಾಡಿಕೆ. ಈ ಎರಡೂ ದೇವಸ್ಥಾನಗಳು ಮಠದ ಎದುರಿಗೇ ಇವೆ, ಕಾರು ಹತ್ತುವ ಅಗತ್ಯವೇ ಇಲ್ಲ. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠಾಪಿಸುವುದಕ್ಕೂ ಮೊದಲಿನಿಂದ ಇರುವ ಅನಂತೇಶ್ವರದಲ್ಲಿಯೇ ಅವರು ಶಿಷ್ಯರಿಗೆ ಪಾಠ ಹೇಳುತ್ತಿದ್ದರು, ಅಲ್ಲಿಂದಲೇ ಅದೃಶ್ಯರಾದರು ಎಂಬ ನಂಬಿಕೆಯಿದೆ. ಮಠಕ್ಕೆ ಗೊತ್ತುಪಡಿಸಿದ ಮುಕ್ಕಾಲು ಗಂಟೆಯನ್ನು ಒಂದೂವರೆ ಗಂಟೆಯಾಗಿಸಿದ್ದರೆ ಮೂರನ್ನೂ ನೋಡಿ, ಮಧ್ವ ಸರೋವರದ ಮೆಟ್ಟಿಲ ಬಳಿ ಕುಳಿತು, ರಥಬೀದಿಯ ಸುತ್ತಲಿನ ಅಷ್ಟಮಠಗಳ ಕಟ್ಟಡಗಳನ್ನು ಒಂದು ಸುತ್ತು ಹಾಕಬಹುದಿತ್ತು. ಆ ಮಠಗಳ ಯತಿಗಳು ಎರಡೆರಡು ವರ್ಷಗಳ ಸರದಿಯಲ್ಲಿ ಕೃಷ್ಣಪೂಜೆಯ ಹೊಣೆ ಹೊರುವ ಪರ್ಯಾಯ ಪದ್ಧತಿಯನ್ನು ವಾದಿರಾಜರು ರೂಪಿಸಿದರು. ಸಮಸಂಖ್ಯೆಯ ವರ್ಷಗಳ ಜನವರಿ 18ರಂದು ಅಧಿಕಾರ ಹಸ್ತಾಂತರವಾಗುವುದರಿಂದ, ಆ ಆಸುಪಾಸಿನಲ್ಲಿ ಈ ಪ್ಯಾಕೇಜನ್ನು ತೆಗೆದುಕೊಳ್ಳುವವರು ಕೊಠಡಿಯನ್ನು ಬಹಳ ಮೊದಲೇ ಕಾದಿರಿಸಬೇಕು. ಇಂಥ ಎಚ್ಚರಿಕೆ ಕಾರ್ಯಕ್ರಮಪಟ್ಟಿಯಲ್ಲಿ ಇರಲಿಲ್ಲ.

ಮಠದಿಂದ ಮತ್ತೆ ಹೋಟೆಲಿಗೆ ಕರೆದೊಯ್ದು, ತಿಂಡಿ ಮುಗಿಸಿ, ಮಲ್ಪೆಗೆ ಹೊರಡುವ ಹೊತ್ತಿಗೆ ಹತ್ತೂವರೆಯಾಯಿತು. ಮೊದಲ ದೊಡ್ಡ ತಪ್ಪು ಆದದ್ದು ಇಲ್ಲಿ. ಉಡುಪಿಯಿಂದ ಮಲ್ಪೆಗೆ ಸುಮಾರು ಆರು ಕಿಲೋಮೀಟರ್ ಮಾತ್ರ. ಬೆಳಗಿನ ಮೊದಲ ದೋಣಿಗಳನ್ನು ಹಿಡಿಯುವುದು ಕಷ್ಟವಾಗಿರಲಿಲ್ಲ. ನಾವು ತಲುಪಿದಾಗ ಟಿಕೆಟಿಗೆ ಉದ್ದನೆಯ ಸಾಲು, ದೋಣಿ ತುಂಬುವವರೆಗೆ ಕಾಯುವಿಕೆ, ನೆತ್ತಿಯ ಮೇಲೆ ಸೂರ್ಯ. ದ್ವೀಪದಲ್ಲಿ ಇಳಿದಾಗ ಕಲ್ಲುಗಳು ಕಾದಿದ್ದವು. ತೆಂಗಿನ ಮರಗಳ ನೆರಳನ್ನು ಬಿಟ್ಟು ಹೊರಗೆ ಬರಲು ಅಮ್ಮ ಒಪ್ಪಲಿಲ್ಲ, ಅವರನ್ನು ಒತ್ತಾಯಿಸುವಂತೆಯೂ ಇರಲಿಲ್ಲ.

ಇದು ದುಃಖದ ವಿಷಯ, ಏಕೆಂದರೆ ಇಡೀ ಪ್ಯಾಕೇಜಿನಲ್ಲಿ ಬೇರೆಲ್ಲಿಯೂ ನೋಡಲು ಸಿಗದಂಥದ್ದು ಇರುವುದು ಈ ದ್ವೀಪದಲ್ಲಿ. ದೋಣಿ ನಿಲ್ಲುವ ಕಡೆಯಿಂದ ಸ್ವಲ್ಪ ನಡೆದರೆ ಐದು, ಆರು ಮೂಲೆಗಳ ಕಲ್ಲುಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುವುದು ಕಾಣುತ್ತದೆ. ಲಾವಾರಸ ತಣಿದು ಗಟ್ಟಿಯಾಗುವಾಗ ಕುಗ್ಗುತ್ತದೆ. ಆ ಕುಗ್ಗುವಿಕೆಯಿಂದ ಮೇಲ್ಮೈಯಲ್ಲಿ ಬಿದ್ದ ಬಿರುಕುಗಳು ಆಳಕ್ಕೆ ಇಳಿಯುತ್ತ ಹೋದಂತೆ ಕಂಬಗಳು ರೂಪುಗೊಳ್ಳುತ್ತವೆ. ನಮಗೆ ಕೊಟ್ಟ ಮುದ್ರಿತ ಹಾಳೆಯಲ್ಲಿ ಇವನ್ನು ದಖ್ಖನ್ನಿನ ಬಸಾಲ್ಟ್ ಎಂದು ಬರೆದಿತ್ತು. ಅದು ಸರಿಯಲ್ಲ. ಇಲ್ಲಿಯ ಶಿಲೆ ಸಿಲಿಕಾ ಅಂಶ ಹೆಚ್ಚಿರುವ ರಯೋಲೈಟ್–ಡೇಸೈಟ್ ಬಗೆಯದು, ಅದರ ವಯಸ್ಸು ಸುಮಾರು 8.8 ಕೋಟಿ ವರ್ಷ. ದಖ್ಖನ್ನಿನ ಲಾವಾಪ್ರವಾಹಗಳು ಸುಮಾರು 6.6 ಕೋಟಿ ವರ್ಷಗಳ ಹಿಂದಿನವು, ಅಂದರೆ ಇದಕ್ಕಿಂತ ಬಹಳ ಕಿರಿಯವು. ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಯ ಗುರುತಾಗಿ ಭೂವಿಜ್ಞಾನಿಗಳು ಈ ಕಲ್ಲುಗಳನ್ನು ಅಧ್ಯಯನ ಮಾಡಿದ್ದಾರೆ, ಮತ್ತು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಮಾತೆಯ ಹೆಸರಿಟ್ಟನೆಂಬ ಪ್ರತೀತಿಯನ್ನು ಎಲ್ಲ ಮಾರ್ಗದರ್ಶಿಗಳೂ ಹೇಳುತ್ತಾರೆ. ಕಲ್ಲಿನ ಕಥೆಯನ್ನು ಹೇಳುವವರು ಮಾತ್ರ ಯಾರೂ ಸಿಗಲಿಲ್ಲ. ಪ್ಯಾಕೇಜಿನಲ್ಲಿ ಮಾರ್ಗದರ್ಶಿಯ ಶುಲ್ಕವನ್ನು ಸೇರಿಸಿಕೊಂಡಿರುವವರು ಕನಿಷ್ಠ ಆ ಮುದ್ರಿತ ಹಾಳೆಯನ್ನಾದರೂ ತಿದ್ದಬೇಕು.

ದ್ವೀಪಕ್ಕೆಂದು ಇಟ್ಟಿದ್ದ ಎರಡು ಗಂಟೆಯಲ್ಲಿ ಹೆಚ್ಚಿನ ಪಾಲು ಸಾಲಿನಲ್ಲಿ ಮತ್ತು ದೋಣಿಯಲ್ಲಿ ಕಳೆದುಹೋಯಿತು. ಏರಿಳಿಯುವಾಗ ದೋಣಿ ಅಲುಗುವುದರಿಂದ ಮಂಡಿನೋವಿರುವ ಹಿರಿಯರಿಗೆ ಇಬ್ಬರ ಆಸರೆ ಬೇಕು. ಬಂಡೆಗಳ ಬಳಿ ನೀರಿಗಿಳಿಯುವುದು ಅಪಾಯ. ಈಜುವ ಆಸೆಯಿದ್ದವರು ಮಲ್ಪೆಯ ಕಡಲತೀರದಲ್ಲಿಯೇ, ಕಾವಲಿನವರು ಹೇಳಿದ ಮಿತಿಯೊಳಗೆ ಅದನ್ನು ತೀರಿಸಿಕೊಳ್ಳಲಿ. ಮಳೆಗಾಲದಲ್ಲಿ ಸಮುದ್ರ ಒರಟಾಗುವುದರಿಂದ ದ್ವೀಪದ ದೋಣಿಗಳೇ ಇರುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೂ ಇದೇ ಪ್ಯಾಕೇಜನ್ನು ಇದೇ ಪಟ್ಟಿಯೊಂದಿಗೆ ಮಾರುತ್ತಾರೆಂದು ಕಚೇರಿಯವರ ಮಾತಿನಿಂದಲೇ ತಿಳಿಯಿತು. ಆ ಕಾಲದಲ್ಲಿ ಕಾದಿರಿಸುವವರು ದ್ವೀಪದ ಬದಲಿಗೆ ಏನು ತೋರಿಸುತ್ತೀರಿ ಎಂದು ಕೇಳಿಕೊಳ್ಳಬೇಕು.

ಮಧ್ಯಾಹ್ನದ ಊಟದ ನಂತರ ಬಾರಕೂರು. ಪಟ್ಟಿಯಲ್ಲಿ ಈ ಊರಿನ ಹೆಸರಿನ ಮುಂದೆ 'ವಾಹನದಿಂದ ವೀಕ್ಷಣೆ' ಎಂದು ಬರೆದಿತ್ತು! ಆಳುಪರು ಆಳಿದ, ವಿಜಯನಗರದ ಕಾಲದಲ್ಲಿ ಒಂದು ರಾಜ್ಯಕ್ಕೇ ಹೆಸರು ಕೊಟ್ಟ ಪಟ್ಟಣವನ್ನು ಕಾರಿನ ಕಿಟಕಿಯಿಂದ ನೋಡುವುದೆಂದರೇನು ಎಂದು ಕೇಳಿದ್ದಕ್ಕೆ ಚಾಲಕರು ನಕ್ಕು, "ಹೆಚ್ಚಿನವರು ಇಳಿಯುವುದಿಲ್ಲ ಸರ್, ಅಲ್ಲಿ ನೋಡ್ಲಿಕ್ಕೆ ಎಂತ ಉಂಟು, ಬರೀ ಕಲ್ಲು ಅಂತಾರೆ" ಎಂದರು. ನಾವು ಇಳಿದೆವು. ಕತ್ತಲೆ ಬಸದಿಯ ಅಂಗಳದಲ್ಲಿ ಮೂರ್ತಿಯಿಲ್ಲ, ಪೂಜೆಯಿಲ್ಲ, ಟಿಕೆಟೂ ಇಲ್ಲ. ಇಳಿಜಾರಿನ ಕಲ್ಲುಚಪ್ಪಡಿಯ ಮಾಡು ಮತ್ತು ಕಂಬಗಳ ನಡುವೆ ನಡೆಯುವುದಕ್ಕೆ ಬೇಕಾದಷ್ಟು ನೆರಳಿದೆ. ಕೋಟೆಕೇರಿಯ ಪಂಚಲಿಂಗೇಶ್ವರ ಮೊದಲಾಗಿ ಕೇರಿಕೇರಿಗೊಂದು ದೇವಸ್ಥಾನವಿರುವ ಈ ಊರಿನಲ್ಲಿ ಹಿಂದೆ ವರ್ಷದ ದಿನಗಳಷ್ಟೇ ದೇಗುಲಗಳಿದ್ದವೆಂದು ಜನ ಹೇಳುತ್ತಾರೆ. ಲೆಕ್ಕ ಹೇಗಾದರೂ ಇರಲಿ, ಒಂದು ಗಂಟೆಗೆ ಬಾರಕೂರು ಖಂಡಿತ ಯೋಗ್ಯ.

ಕಾಪುವಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವೇ ಇಲ್ಲಿನ ಆಕರ್ಷಣೆ, ಅದರ ಬಾಗಿಲು ಸಂಜೆಯ ಹೊತ್ತು ಮಾತ್ರ ಪ್ರವಾಸಿಗರಿಗೆ ತೆರೆಯುತ್ತದೆ. ನಮ್ಮ ಕಾರ್ಯಕ್ರಮದ ಪ್ರಕಾರ ಬಾಗಿಲು ತೆರೆಯುವ ಮೊದಲೇ ಅಲ್ಲಿಂದ ಹೊರಡಬೇಕಿತ್ತು. ಚಾಲಕರು ತಮ್ಮ ಸಮಯವನ್ನು ಬಿಟ್ಟುಕೊಟ್ಟು ಕಾದುದರಿಂದ ಮೇಲೆ ಹತ್ತಿ ಸೂರ್ಯಾಸ್ತವನ್ನು ನೋಡುವುದು ಸಾಧ್ಯವಾಯಿತು.

ಎರಡನೆಯ ದಿನದ ಕ್ರಮ ಹೀಗಿತ್ತು: ಬೆಳಿಗ್ಗೆ ಮೂಡುಬಿದಿರೆ, ನಡುಮಧ್ಯಾಹ್ನ ಕಾರ್ಕಳ, ಸಂಜೆ ವರಂಗ, ಹೆಬ್ರಿಯ ಮಾರ್ಗವಾಗಿ ಉಡುಪಿಗೆ ವಾಪಸ್ಸು. ಬಳಸುವ ದಾರಿ ಸುತ್ತುದಾರಿಯಾದ್ದರಿಂದ ಇದನ್ನು ತಿರುವಿಹಾಕಿದರೆ ಒಂದು ಕಿಲೋಮೀಟರೂ ಹೆಚ್ಚಾಗುವುದಿಲ್ಲ. ಬೆಳಿಗ್ಗೆ ತಂಪಿನಲ್ಲಿ ವರಂಗ, ಬಿಸಿಲೇರುವ ಮೊದಲು ಕಾರ್ಕಳದ ಬಂಡೆ, ಊಟದ ನಂತರ ಮೂಡುಬಿದಿರೆಯ ಮಾಡಿನ ಕೆಳಗಿನ ನೆರಳು. ಇಷ್ಟು ಸರಳವಾದ ಸಂಗತಿ ವರ್ಷಗಟ್ಟಲೆ ಇದೇ ವ್ಯವಹಾರ ಮಾಡುತ್ತಿರುವವರಿಗೆ ಹೊಳೆಯದಿರುವುದು ಆಶ್ಚರ್ಯ.

ಮೂಡುಬಿದಿರೆಯನ್ನು ಜೈನಕಾಶಿ ಎನ್ನುತ್ತಾರೆ. ಊರಿನಲ್ಲಿ 18 ಬಸದಿಗಳಿವೆ. ಪ್ಯಾಕೇಜಿನಲ್ಲಿ ಇರುವುದು 1430ರ ಸಾವಿರ ಕಂಬದ ಬಸದಿ, ಅಂದರೆ ತ್ರಿಭುವನತಿಲಕ ಚೂಡಾಮಣಿ, ಒಂದೇ. ಒಂದನ್ನೇ ನೋಡಬಹುದಾದರೆ ಅದನ್ನೇ ನೋಡಬೇಕೆಂಬುದು ನಿಜ. ಕಂಬಗಳಲ್ಲಿ ಒಂದರ ಕೆತ್ತನೆಯಂತೆ ಇನ್ನೊಂದಿಲ್ಲ ಎನ್ನುವ ಮಾತನ್ನು ಪರೀಕ್ಷಿಸುತ್ತ ಅರ್ಧ ದಿನ ಕಳೆಯಬಹುದು. ಒಳಗಿನ ಕತ್ತಲೆಯಲ್ಲಿ ಚಂದ್ರನಾಥ ಸ್ವಾಮಿಯ ಲೋಹದ ಮೂರ್ತಿ ದೀಪದ ಬೆಳಕಿಗೆ ನಿಧಾನವಾಗಿ ಗೋಚರವಾಗುತ್ತದೆ. ಹೊರಗಿನಿಂದ ನೋಡಿದರೆ ಮಾಡಿನ ಮೇಲೆ ಮಾಡು. ಕರಾವಳಿಯ ಮಳೆಯನ್ನು ಬಲ್ಲವರಿಗೆ ಈ ಇಳಿಜಾರಿನ ಕಾರಣವನ್ನು ವಿವರಿಸಬೇಕಾಗಿಲ್ಲ, ಆದರೆ ಬೇಲೂರು, ಹಳೇಬೀಡುಗಳ ಹೊಯ್ಸಳ ಶೈಲಿಗೆ ಕಣ್ಣು ಒಗ್ಗಿಸಿಕೊಂಡವರು ಇದನ್ನು ಕಂಡು ಬೆರಗಾಗುವುದು ಸಹಜ. ಮುಂದಿನ ಭೈರಾದೇವಿ ಮಂಟಪದ ಜಗತಿಯ ಮೇಲಿನ ಸಾಲುಗೆತ್ತನೆಯಲ್ಲಿ ಜಿರಾಫೆಯೂ ಚೀನೀ ಡ್ರ್ಯಾಗನ್ನೂ ಇವೆ. ಹದಿನೈದನೆಯ ಶತಮಾನದ ಶಿಲ್ಪಿಗೆ ಆಫ್ರಿಕದ ಪ್ರಾಣಿ ಹೇಗೆ ಪರಿಚಯವಾಯಿತೆಂಬ ಪ್ರಶ್ನೆಗೆ ಕಡಲ ವ್ಯಾಪಾರದ ಕಡೆಗೆ ಬೆರಳು ತೋರಿಸುವುದೇ ರೂಢಿ. ಅಷ್ಟು ಕೆಳಗೆ ಬಗ್ಗಿ ನೋಡುವಂತೆ ನಮ್ಮ ಮಾರ್ಗದರ್ಶಿ ಹೇಳಲಿಲ್ಲ. ಪಕ್ಕದಲ್ಲಿದ್ದ ಶಾಲಾಮಕ್ಕಳ ಗುಂಪಿಗೆ ಅವರ ಮೇಷ್ಟ್ರು ತೋರಿಸುತ್ತಿದ್ದುದನ್ನು ಕೇಳಿ ನಾವೂ ಬಗ್ಗಿದೆವು.

ಅಲ್ಲಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ಗುರು ಬಸದಿಯಿದೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳ ತಾಳೆಯೋಲೆ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಸ್ಥಳವಿದು, ಆ ಕಾರಣಕ್ಕೇ ಇದನ್ನು ಸಿದ್ಧಾಂತ ಬಸದಿ ಎಂದೂ ಕರೆಯುತ್ತಾರೆ. ಸ್ವಲ್ಪ ದೂರದಲ್ಲಿ ಚೌಟರ ಅರಮನೆ. ಅದರ ಮರದ ಕಂಬಗಳಲ್ಲಿ ಒಂಬತ್ತು ಮಂದಿ ಹೆಂಗಸರು ಸೇರಿ ಆನೆಯಾಗಿರುವ ನವನಾರಿಕುಂಜರ, ಐವರು ಸೇರಿ ಕುದುರೆಯಾಗಿರುವ ಪಂಚನಾರಿತುರಗಗಳ ಕೆತ್ತನೆಯಿದೆ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಇದೇ ಚೌಟ ಮನೆತನದವಳು. ಅರಮನೆಯಲ್ಲಿ ಈಗಲೂ ಕುಟುಂಬದವರು ವಾಸಿಸುವುದರಿಂದ ಕೇಳಿಕೊಂಡು ಒಳಗೆ ಹೋಗಬೇಕು. ಇವೆರಡಕ್ಕೂ ನಮ್ಮ ಕಾರ್ಯಕ್ರಮದಲ್ಲಿ ಜಾಗವಿರಲಿಲ್ಲ. ಅದರ ಬದಲು ದಾರಿಯಲ್ಲಿ ಗೇರುಬೀಜ ಮತ್ತು ಮಸಾಲೆ ಪದಾರ್ಥಗಳ ಅಂಗಡಿಯೊಂದರಲ್ಲಿ ನಲವತ್ತು ನಿಮಿಷಗಳ ನಿಲುಗಡೆಯಿತ್ತು. ಅಂಗಡಿಯ ದರ ಉಡುಪಿಯ ಪೇಟೆಗಿಂತ ಹೆಚ್ಚು.

ಕಾರ್ಕಳದ ಗೋಮಟೇಶ್ವರನ ಮುಂದೆ ನಾವು ನಿಂತಾಗ ಹನ್ನೆರಡೂವರೆ. ಪಾದರಕ್ಷೆ ಬಿಟ್ಟು ಕಾದ ಬಂಡೆಯ ಮೇಲೆ ಕಾಲಿಡುವುದೇ ಕಷ್ಟವಾಗಿದ್ದಾಗ 42 ಅಡಿ ಎತ್ತರದ ಮೂರ್ತಿಯ ಮುಖವನ್ನು ತಲೆಯೆತ್ತಿ ನೋಡುವ ತಾಳ್ಮೆ ಯಾರಿಗಿರುತ್ತದೆ? ಭೈರರಸ ಮನೆತನದ ವೀರಪಾಂಡ್ಯ 1432ರಲ್ಲಿ ಪ್ರತಿಷ್ಠಾಪಿಸಿದ ಈ ಬಾಹುಬಲಿ, ಶ್ರವಣಬೆಳಗೊಳದಂತೆ ಬೆಟ್ಟದ ನೆತ್ತಿಯಲ್ಲಿಯೇ ಕಡೆದದ್ದಲ್ಲ. ಬೇರೆಡೆ ಕೆತ್ತಿ ಬಂಡೆಯ ಮೇಲಕ್ಕೆ ಸಾಗಿಸಿದ್ದೆಂಬುದು ಇಲ್ಲಿಯ ಹೇಳಿಕೆ. ಅದನ್ನು ತಿಳಿದು ನೋಡಿದರೆ ಬೆಟ್ಟದ ಇಳಿಜಾರೇ ಬೇರೆಯಾಗಿ ಕಾಣುತ್ತದೆ. ಎದುರಿನ ಬ್ರಹ್ಮದೇವರ ಕಂಬವನ್ನೂ ಅದೇ ಅರಸು 1436ರಲ್ಲಿ ನಿಲ್ಲಿಸಿದನು.

ಬೆಟ್ಟದ ಮೇಲಿನಿಂದ ಕೆಳಗೆ ಸಣ್ಣ ದಿಣ್ಣೆಯೊಂದರ ಮೇಲೆ ಚೌಕಾಕಾರದ ಕಲ್ಲುಕಟ್ಟಡ ಕಾಣುತ್ತದೆ. ಅದು 1586ರ ಚತುರ್ಮುಖ ಬಸದಿ. ನನ್ನ ಅಭಿಪ್ರಾಯದಲ್ಲಿ ಈ ಪ್ರವಾಸದ ಶ್ರೇಷ್ಠ ಕಟ್ಟಡ ಇದೇ, ಮತ್ತು ಪ್ಯಾಕೇಜಿನಲ್ಲಿ ಇಲ್ಲದಿರುವುದೂ ಇದೇ. ನಾಲ್ಕು ದಿಕ್ಕಿಗೂ ಒಂದೇ ರೂಪದ ಬಾಗಿಲು, ಪ್ರತಿ ಬಾಗಿಲಿನಿಂದಲೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಮೂರ್ತಿಗಳು; ಯಾವ ಕಡೆಯಿಂದ ಬಂದವರಿಗೂ ತಾವು ಮುಂಬಾಗಿಲಿಗೇ ಬಂದಂತೆ. ಮೂಡುಬಿದಿರೆಯ ಮಾಡುಗಳ ಗಡಿಬಿಡಿಯನ್ನು ನೋಡಿದ ಕಣ್ಣಿಗೆ ಇಲ್ಲಿಯ ಸಮತಟ್ಟಾದ ಕಲ್ಲಿನ ಮೇಲ್ಛಾವಣಿ, ಕಂಬಗಳ ಸಾಲು, ಅಲಂಕಾರದ ಮಿತವ್ಯಯ ಬೇರೆಯೇ ಮನೋಧರ್ಮವನ್ನು ತೋರಿಸುತ್ತವೆ. ಚಾಲಕರಿಗೆ ಹೇಳಿದೆವು. ಅವರು "ಅದು ಲಿಸ್ಟಲ್ಲಿ ಇಲ್ಲ ಸರ್, ಆದ್ರೂ ಹೋಗುವ, ಹತ್ತು ನಿಮಿಷದ ದಾರಿಯೂ ಇಲ್ಲ" ಎಂದು ಕರೆದುಕೊಂಡು ಹೋದರು. ಗರ್ಭಗೃಹದ ಬಾಗಿಲು ಮಧ್ಯಾಹ್ನಕ್ಕೆ ಮುಚ್ಚಿತ್ತು. ಹೊರಗಿನ ಮೊಗಸಾಲೆಯನ್ನು ಸುತ್ತಿ, ಅಲ್ಲಿಂದ ಗೋಮಟನ ಬೆಟ್ಟವನ್ನು ಹಿಂತಿರುಗಿ ನೋಡಿ ಬಂದೆವು. ಬೆಳಿಗ್ಗೆ ಬಂದಿದ್ದರೆ ತೆರೆದಿರುತ್ತಿತ್ತು ಎಂದು ಅಲ್ಲಿದ್ದವರು ಹೇಳಿದರು. ಹಿರಿಯಂಗಡಿಯ ಏಕಶಿಲೆಯ ಮಾನಸ್ತಂಭವನ್ನು ನೋಡಲು ಹೊತ್ತು ಸಾಲಲಿಲ್ಲ.

ವರಂಗ ಕಾರ್ಕಳದಿಂದ ಹೆಬ್ರಿಯ ಕಡೆಗೆ ಸುಮಾರು 25 ಕಿಲೋಮೀಟರ್. ಹಿನ್ನೆಲೆಯಲ್ಲಿ ಘಟ್ಟದ ಸಾಲು, ಮುಂದೆ ತಾವರೆಯೆಲೆ ಹರಡಿದ ಕೆರೆ, ಕೆರೆಯ ನಡುವೆ ಬಸದಿ. ಸಣ್ಣ ದೋಣಿಯಲ್ಲಿ ಮಾತ್ರ ಅಲ್ಲಿಗೆ ಹೋಗಬಹುದು. ಇದೂ ಚತುರ್ಮುಖವೇ, ಆದರೆ ಕಾರ್ಕಳದ್ದಕ್ಕಿಂತ ಬಹಳ ಚಿಕ್ಕದು, ಮತ್ತು ಇಲ್ಲಿನ ಪದ್ಮಾವತಿ ದೇವಿಗೆ ಜೈನರಲ್ಲದವರೂ ಹರಕೆ ಹೊರುತ್ತಾರೆ. ದೋಣಿಯಲ್ಲಿ ಒಮ್ಮೆಗೆ ಕೆಲವರಷ್ಟೇ ಹಿಡಿಯುವುದರಿಂದ ಸಂಜೆ ಪ್ರವಾಸಿ ಬಸ್ಸುಗಳು ಬಂದು ನಿಂತಾಗ ದಡದಲ್ಲಿ ದೊಡ್ಡ ಸಾಲೇ ಬೆಳೆಯುತ್ತದೆ. ಕಡೆಯ ದೋಣಿಗಳಲ್ಲೊಂದರಲ್ಲಿ ನಮಗೆ ಜಾಗ ಸಿಕ್ಕಿತು; ನಮ್ಮ ಹಿಂದಿದ್ದ ಕುಟುಂಬ ದಡದಿಂದಲೇ ಕೈಮುಗಿದು ಮರಳಿತು. ದಡದ ಮೇಲಿನ ನೇಮಿನಾಥ ಬಸದಿ ದೊಡ್ಡದು, ಹಳೆಯದು, ಅಲ್ಲಿ ಜನವೇ ಇರಲಿಲ್ಲ. ಬಸದಿಯ ಇಂದ್ರರು, ಅಂದರೆ ಅರ್ಚಕರು, ಬಾಗಿಲು ಹಾಕುವ ಸಿದ್ಧತೆಯಲ್ಲಿದ್ದರೂ ದೀಪ ಹಿಡಿದು ಒಳಗಿನ ಬಿಂಬಗಳನ್ನು ಒಂದೊಂದಾಗಿ ತೋರಿಸಿದರು. ಪ್ಯಾಕೇಜಿನ ಮಾರ್ಗದರ್ಶಿ ಎರಡು ದಿನ ಹೇಳಿದ್ದಕ್ಕಿಂತ ಹೆಚ್ಚಿನದನ್ನು ಅವರು ಆ ಸ್ವಲ್ಪ ಹೊತ್ತಿನಲ್ಲಿ ಹೇಳಿದರು.

ಊಟದ ವ್ಯವಸ್ಥೆ ಪ್ಯಾಕೇಜಿನಲ್ಲಿ ಸೇರಿರಲಿಲ್ಲ, ಅದು ಒಳ್ಳೆಯದೇ ಆಯಿತು. ಸಂಸ್ಥೆಯವರು ಸೂಚಿಸಿದ ಹೆದ್ದಾರಿಯ ದೊಡ್ಡ ಹೋಟೆಲಿನ ಬದಲು ಚಾಲಕರು ತಾವು ಉಣ್ಣುವ ಕಡೆಗೆ ಕರೆದೊಯ್ದರು. ಕುಚ್ಚಲಕ್ಕಿ ಅನ್ನ, ಸಾರು, ತಂಬುಳಿಯ ಊಟ ಅಮ್ಮನಿಗೂ ಹಿಡಿಸಿತು. ಸಂಜೆಯ ಗೋಳಿಬಜೆ, ಬನ್ಸುಗಳಿಗೆ ಈ ದಾರಿಯಲ್ಲಿ ಎಲ್ಲಿ ನಿಂತರೂ ಮೋಸವಿಲ್ಲ.

ಹಣದ ವಿಷಯದಲ್ಲಿ ಎರಡು ಮಾತು. ಪ್ಯಾಕೇಜಿನ ದರದಲ್ಲಿ ಕಾರು, ಇಂಧನ ಮತ್ತು ಮಾರ್ಗದರ್ಶಿಯ ಶುಲ್ಕ ಸೇರಿದ್ದವು. ದೋಣಿಯ ಟಿಕೆಟು, ಪಾರ್ಕಿಂಗ್, ಪ್ರವೇಶಧನ ಮತ್ತು ಚಾಲಕರ ಭತ್ಯೆ ಬೇರೆ. ಇದನ್ನು ಮುಂಗಡ ಪಡೆಯುವಾಗ ಹೇಳದೆ, ಹೊರಡುವ ಬೆಳಿಗ್ಗೆ ಹೇಳಿದರು. ಮಾರ್ಗದರ್ಶಿಯ ಶುಲ್ಕವನ್ನು ಬಿಡಿಸಿ ಕೇಳಿದರೆ ಕಡಿಮೆ ಮಾಡುತ್ತಾರೆಂದು ಬೇರೊಬ್ಬ ಪ್ರವಾಸಿಗರಿಂದ ತಿಳಿಯಿತು, ಹಾಗೆ ಬಿಡಿಸುವುದೇ ಒಳ್ಳೆಯದು.

ಮುಂಗಡ ಕೊಡುವ ಮುನ್ನ ಮೂರು ಸಂಗತಿಗಳನ್ನು ಬರೆಸಿಕೊಳ್ಳಿ: ಮೊದಲ ದಿನ ರಥಬೀದಿಯಿಂದ ನೇರವಾಗಿ ಮಲ್ಪೆಗೆ ಹೋಗಿ ಬೆಳಗಿನ ದೋಣಿ ಹಿಡಿಯುವುದು, ಎರಡನೆಯ ದಿನವನ್ನು ವರಂಗದಿಂದ ಆರಂಭಿಸುವುದು, ಗೇರುಬೀಜದ ಅಂಗಡಿಯ ಬದಲು ಚತುರ್ಮುಖ ಬಸದಿ ಮತ್ತು ಗುರು ಬಸದಿಗಳನ್ನು ಸೇರಿಸುವುದು. ಇದಕ್ಕೆ ಒಪ್ಪದಿದ್ದರೆ ಪ್ಯಾಕೇಜಿನ ಗೊಡವೆಯೇ ಬೇಡ. ಉಡುಪಿಯ ಟ್ಯಾಕ್ಸಿ ನಿಲ್ದಾಣದಲ್ಲಿ ದಿನದ ಬಾಡಿಗೆಗೆ ಕಾರು ಮಾತಾಡಿಕೊಂಡು, ಕಾಯುವ ಸಮಯಕ್ಕೆ ಎಷ್ಟು ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಕಾಪುವಿನ ದೀಪಸ್ತಂಭದ ಬಳಿ ಚಾಲಕರು ನಮಗಾಗಿ ಕಾದ ಹೊತ್ತಿಗೆ ಸಂಸ್ಥೆ ಅವರಿಗೆ ಏನನ್ನೂ ಕೊಡುವುದಿಲ್ಲವೆಂದು ತಿಳಿದ ಮೇಲೆ ಆ ಹಣವನ್ನು ನಾವು ಅವರ ಕೈಗೇ ಕೊಟ್ಟೆವು.